ತುರಿಗಲ್ಲು ಗುಡ್ಡದ ಗೀಟುಗಳು

ನಮ್ಮ ಎಲೆಗೊಂದಿಯ ಮೂಡಲಿಗೆ ಇರುವ ಬೋಳುಗುಡ್ಡಕ್ಕೆ ತುರಿಗಲ್ಲು ಗುಡ್ಡವೆಂದು ಹೆಸರು. ಹೆಸರು ಕೇಳಿ ಪೇಟೆಯವರು ನಗುತ್ತಾರೆ. ನಗಲಿ, ನಕ್ಕವರೆಲ್ಲ ಕೈಗೆ ಸೆಗಣಿ ಮೆತ್ತಿಕೊಂಡೇ ಕೆಳಗಿಳಿದಿದ್ದಾರೆ. ಮೇಲೆ ಮೂರೇ ಗೋಡೆಯ ಒಂದು ಗುಡಿಯಿದೆ. ನಾಲ್ಕನೆಯದು ಬಿದ್ದುಹೋದದ್ದಲ್ಲ, ಕಟ್ಟಲೇ ಇಲ್ಲ. ದನ ಒಳಗೆ ಬರಬೇಡವೇ? ನಡುವೆ ಎದೆಮಟ್ಟದ ಕರಿಕಲ್ಲು, ಒಂದು ತೊಟ್ಟು ಎಣ್ಣೆ ಕಾಣದೆಯೂ ಮಿರಮಿರ ಮಿಂಚುತ್ತದೆ. ಅದು ಆಕಾಶದಿಂದ ಬಿದ್ದ ಕಲ್ಲೆಂದು ಹೇಳಿಕೊಂಡು ತಿರುಗುವವರೂ ಇದ್ದಾರೆ. ಬಿದ್ದಿತು, ಇವರ ಅಪ್ಪ ನೋಡಿದ್ದ! ನಾನು ನನ್ನ ಅಜ್ಜಿಯಿಂದ ಕೇಳಿದ್ದನ್ನು ಹೇಳುತ್ತೇನೆ. ಅವಳು ಈ ಕಥೆಯ ಕೆಂಚವ್ವನ ವಂಶದವಳು.

ಹಿಂದೆ ಒಮ್ಮೆ ಶಂಭಯ್ಯನೆಂಬ ಸಾಧಕ ಈ ಗುಡ್ಡ ಹತ್ತಿ ಬಂದನಂತೆ. ಓದಿಕೊಂಡವನು, ಜಪತಪದಲ್ಲಿ ಪಳಗಿದವನು, ಆದರೆ ಕೋಪ ಮಾತ್ರ ಮೂಗಿನ ತುದಿಯಲ್ಲೇ. ಅವನಿಗೆ ದೀಕ್ಷೆ ಕೊಡಲು ಗುರುಗಳು ಒಂದೇ ಕರಾರು ಹಾಕಿದ್ದರು. ಒಂಟಿಯಾಗಿ ನಲವತ್ತೆಂಟು ದಿನ ಶಿವಪೂಜೆ ಮಾಡಬೇಕು, ಆ ದಿನಗಳಲ್ಲಿ ಯಾರ ಮೇಲೂ ಸಿಟ್ಟಾಗಬಾರದು, ಸಿಟ್ಟಾದರೆ ಎಣಿಕೆ ಮತ್ತೆ ಒಂದರಿಂದ. ಇಷ್ಟೇ ತಾನೇ ಎಂದು ಹೊರಟವನಿಗೆ ಗುಡ್ಡದ ಮೇಲೆ ಈ ಹೊಳೆಯುವ ಕಲ್ಲು ಕಂಡಿತು. ಋಷಿಗಳು ಯುಗಯುಗ ಪೂಜಿಸಿದ ಉದ್ಭವಲಿಂಗವೇ ಸರಿ, ಇಲ್ಲದಿದ್ದರೆ ಇಂಥ ನುಣುಪು ಎಲ್ಲಿಂದ ಬರಬೇಕು ಎಂದುಕೊಂಡು ಅಡ್ಡಬಿದ್ದ. ಊರಿನವರು ನೋಡಿದರು, ಮುಖ ಮುಖ ನೋಡಿಕೊಂಡರು, ಸುಮ್ಮನಾದರು. ಕಾವಿ ಉಟ್ಟವರಿಗೆ ತಪ್ಪು ತೋರಿಸುವ ಧೈರ್ಯ ಯಾರಿಗಿದೆ?

ಬೆಳಗ್ಗೆ ಪೂಜೆ ಮುಗಿಸಿ ಅವನು ಪಕ್ಕದ ಬಂಡೆಯ ಮೇಲೆ ಬೆಣಚುಕಲ್ಲಿನಿಂದ ಒಂದು ಗೀಟು ಗೀಚುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಮೇಯಲು ಬಂದ ದನಗಳು ಬಿಲ್ವಪತ್ರೆ ತಿಂದು, ವಿಭೂತಿ ಕೆಡವಿ, ಲಿಂಗಕ್ಕೆ ಮೈ ತಿಕ್ಕುತ್ತಿದ್ದವು. ಕೋಲು ಬೀಸಿದರೆ ಉಳಿದವು ಓಡುತ್ತಿದ್ದವು. ಕೆಂಚವ್ವನ ಎಮ್ಮೆ ಚೆಲುವಿ ಮಾತ್ರ ಓಡುತ್ತಿರಲಿಲ್ಲ. ಒಂದು ಮಗ್ಗುಲು ಮುಗಿಸಿ, ನಿಧಾನಕ್ಕೆ ತಿರುಗಿ, ಇನ್ನೊಂದು ಮಗ್ಗುಲು ಕೊಡುತ್ತಿತ್ತು. ಶಂಭಯ್ಯ ಅರಚುತ್ತಿದ್ದ. ಮರುದಿನ ಹೊಸ ಸಾಲು, ಮತ್ತೆ ಒಂದೇ ಗೀಟು. ಹೀಗೆ ವರ್ಷಗಳೇ ಉರುಳಿದವು ಎನ್ನುತ್ತಾರೆ. ಒಮ್ಮೆ ಕೆಂಚವ್ವ ಎಮ್ಮೆಯನ್ನು ಮಗಳ ಊರಿಗೆ ಹೊಡೆದುಕೊಂಡು ಹೋದಾಗ ನಾಲ್ಕು ಗೀಟು ಬಿದ್ದವಂತೆ. ಐದನೆಯ ದಿನ ಪೂಜೆಯ ನಡುವೆಯೇ ಮಹಾನುಭಾವ ಕಾಗೆಯ ಮೇಲೆ ಸಿಟ್ಟಾದ.

ಒಂದು ಯುಗಾದಿ ಕಳೆದ ಮೇಲೆ ಗುರುಗಳಿಂದ ಹೇಳಿಕೆ ಬಂತು. ವಯಸ್ಸಾಯಿತು, ಕಾರ್ತಿಕಕ್ಕೆ ನಾನೇ ಬರುತ್ತೇನೆ, ಆಗ ಆಗದಿದ್ದರೆ ಈ ಜನ್ಮದಲ್ಲಿ ದೀಕ್ಷೆ ನನ್ನ ಕೈಯಿಂದ ಆಗದು ಎಂದು. ಅಂದು ಚೆಲುವಿ ಎಂದಿನಂತೆ ಬಂದು ಮೈ ಆನಿಸಿದಾಗ ಶಂಭಯ್ಯ ಕೋಲೆತ್ತಿಕೊಂಡು ಕೆಂಚವ್ವನ ಮೇಲೇ ಹೋದ. ನಿನ್ನ ಎಮ್ಮೆಯಿಂದ ನನ್ನ ಮೋಕ್ಷ ಕೆಟ್ಟಿತು ಎಂದು ಕೂಗಾಡಿ, ಕೊನೆಗೆ ಕೂತು ಅತ್ತೇಬಿಟ್ಟನಂತೆ. ಕೆಂಚವ್ವ ಬಾಯಿಯ ಎಲೆ ಅಡಿಕೆ ಉಗಿದು ಬಂದು ಹತ್ತಿರ ಕೂತಳು.

“ಅಯ್ಯನೋರೆ, ಬೇಜಾರು ಮಾಡ್ಕೋಬೇಡಿ. ಅದು ಲಿಂಗ ಅಲ್ಲ. ದನ ಮೈ ತುರಿಸಿಕೊಳ್ಳಲಿ ಅಂತ ನಮ್ಮ ಮುತ್ತಾತ ನೆಟ್ಟ ಕಲ್ಲು. ಆ ಹೊಳಪು ಎಮ್ಮೆ ಮೈದು.”

ಇಷ್ಟು ವರ್ಷ ರುದ್ರ ಹೇಳಿದ್ದು ತುರಿಕೆಯ ಕಲ್ಲಿಗೆ! ಹಾಗಾದರೆ ನಾನೀಗ ಏನು ಮಾಡಲಿ ಎಂದು ಶಂಭಯ್ಯ ಮೆಲ್ಲಗೆ ಕೇಳಿದನಂತೆ.

“ಎಮ್ಮೆಗೆ ಬೆನ್ನು ಕಡೀತದೆ, ಕೈಯಿಲ್ಲ. ನಿಮಗೆ ಎರಡವೆ.”

ಮೊದಲು ಅವನು ಚೆಲುವಿಯನ್ನು ತುರಿಸಿದ್ದು ಪ್ರೀತಿಯಿಂದಲ್ಲ, ಬೇರೆ ದಾರಿ ಕಾಣದೆ. ಆದರೂ ಎಮ್ಮೆ ಕತ್ತು ನೀಡಿ, ಕಣ್ಣು ಅರೆಮುಚ್ಚಿ, ಅವನ ಹೆಗಲ ಮೇಲೆ ಗದ್ದವಿಟ್ಟು ನಿಟ್ಟುಸಿರು ಬಿಟ್ಟಾಗ ಅವನಿಗೆ ಏನೋ ಆಯಿತು. ಅವನ ಪೂಜೆಗೆ ಅಂಥ ನಿಟ್ಟುಸಿರು ಎಂದೂ ಬಂದಿರಲಿಲ್ಲ. ಮರುದಿನ ಅವನೇ ಕಾದು ನಿಂತ. ಮೊದಮೊದಲು ಗೀಟನ್ನೂ ತಪ್ಪದೆ ಎಳೆಯುತ್ತಿದ್ದ. ಆಮೇಲೆ ಉಣ್ಣಿ ಕೀಳುವುದು ಕಲಿತ. ಕೆಂಚವ್ವನ ಸೌದೆ ಹೊರೆ ಇಳಿಸಿಕೊಟ್ಟ, ಮಂಡಿನೋವಿನ ಮುದುಕರಿಗೆ ಎಣ್ಣೆ ತಿಕ್ಕಿದ. ಕಾಗೆಗೂ ದಿನಾ ತುತ್ತು ಇಡತೊಡಗಿದ.

ಕಾರ್ತಿಕದಲ್ಲಿ ಗುರುಗಳು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರೆ ಶಿಷ್ಯನಿಗೆ ಮೊಣಕೈವರೆಗೆ ಸೆಗಣಿ. ಕಲ್ಲಿಗೆ ಹೂವಿಲ್ಲ, ನೀರಿಲ್ಲ. ಶಂಭಯ್ಯ ಅಡ್ಡಬಿದ್ದು ಎಲ್ಲ ಒಪ್ಪಿಕೊಂಡ: ಇದು ಲಿಂಗವಲ್ಲ, ಬುದ್ದಿಯವರೆ, ಎಣಿಕೆಯೂ ಮರೆತುಹೋಗಿದೆ, ದೀಕ್ಷೆ ಕೇಳುವ ಯೋಗ್ಯತೆ ನನಗಿಲ್ಲ. ಕಡೆಯ ಸಲ ಸಿಟ್ಟು ಬಂದದ್ದು ಯಾವಾಗ ಎಂದು ಗುರುಗಳು ಕೇಳಿದರು. ಅವನು ಬಹಳ ಹೊತ್ತು ಯೋಚಿಸಿದ, ನೆನಪಾಗಲಿಲ್ಲ. ಕೆಂಚವ್ವನನ್ನು ಕೇಳಿದ, ಅವಳಿಗೂ ನೆನಪಾಗಲಿಲ್ಲ. ಗುರುಗಳು ಎದ್ದು, ಕಲ್ಲಿಗೆ ಬೆನ್ನು ಕೊಟ್ಟು ಚೆಲುವಿಯಂತೆಯೇ ತಿಕ್ಕಿಕೊಂಡರಂತೆ. ಮಠದಲ್ಲಿ ಎಲ್ಲರೂ ಅವರ ಕಾಲಿಗೆ ಬೀಳುತ್ತಿದ್ದರೇ ಹೊರತು ಬೆನ್ನು ತುರಿಸಿದವರಿರಲಿಲ್ಲ. ಆಮೇಲೆ ಶಿಷ್ಯನನ್ನು ಹತ್ತಿರ ಕರೆದು ಕಿವಿಯಲ್ಲಿ ಮಂತ್ರ ಉಪದೇಶಿಸಿದರು. ಅದು ಯಾವ ಮಂತ್ರವೆಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ಪಕ್ಕದಲ್ಲೇ ಇದ್ದ ಕೆಂಚವ್ವ ಹೇಳಿದ್ದು ಬೇರೆ. ಗುರುಗಳು ಅಂದದ್ದು “ಇನ್ನೊಂಚೂರು ಎಡಕ್ಕೆ” ಎಂದಷ್ಟೇ ಅಂತೆ.

ಇಂದಿಗೂ ಅಲ್ಲಿ ಕಾಯಿ ಒಡೆಯುವುದಿಲ್ಲ. ಹೋದವರು ಕಣ್ಣಿಗೆ ಬಿದ್ದ ಎಮ್ಮೆಯ ಕತ್ತು ತುರಿಸಿ ಬರಬೇಕು, ಅದೇ ಸೇವೆ. ಪಕ್ಕದ ಬಂಡೆಯ ಮೇಲೆ ಗೀಟುಗಳನ್ನೂ ನೋಡಬಹುದು. ಒಂದು, ಒಂದು, ಒಂದು, ಎಲ್ಲೋ ಒಂದು ಕಡೆ ನಾಲ್ಕು, ಮತ್ತೆ ಒಂದು. ಕಟ್ಟಕಡೆಯ ಸಾಲಿನಲ್ಲಿ ಹತ್ತೊಂಬತ್ತು ಇವೆ. ನಲವತ್ತೆಂಟು ಮುಟ್ಟಲಿಲ್ಲವಲ್ಲ ಎಂದು ಬಂದವರು ಮರುಗುತ್ತಾರೆ. ನಾನು ಅವರಿಗೆ ಇಪ್ಪತ್ತನೆಯ ಗೀಟು ಇರಬೇಕಾಗಿದ್ದ ಜಾಗ ತೋರಿಸುತ್ತೇನೆ. ಅಂದು ಅವನ ಕೈ ಖಾಲಿಯಿರಲಿಲ್ಲ.