ಮರ ಹಿಡಿದು ಎದ್ದ ನೀರವ್ವ

ಲೋಕ ಆಗಿನ್ನೂ ಹೊಸದು ಕಣೇ ಹಂಸು. ಅಂಗಡಿಯಿಂದ ತಂದ ಪಾತ್ರೆಗೆ ಅಂಟಿಸಿದ ಚೀಟಿ ಇನ್ನೂ ಕಿತ್ತಿರಲ್ಲ ನೋಡು, ಅಷ್ಟು ಹೊಸದು. ಬೆಟ್ಟಗಳ ತುದಿ ಇನ್ನೂ ಚೂಪಾಗಿತ್ತು. ಕಾಗೆಗೆ ಅದರ ದನಿ ಹೇಗಿದೆ ಅಂತ ಯಾರೂ ಇನ್ನೂ ಹೇಳಿರಲಿಲ್ಲ.

ಆ ಕಿಟಕಿ ಬಿಟ್ಟು ಇಲ್ಲಿ ಬಾ, ನನ್ನ ಪಕ್ಕ ಕೂತ್ಕೋ. ನಾನಂತೂ ಇವತ್ತು ಈ ಕುರ್ಚಿ ಬಿಟ್ಟು ಏಳಲ್ಲ. ಮೂವತ್ತೊಂದು ವರ್ಷ ಈ ಉತ್ತರದ ಊರಿನ ಆಸ್ಪತ್ರೇಲಿ ನರ್ಸ್ ಆಗಿ ಓಡಾಡಿದ ಕಾಲು ಇವು. ಈಗ ರಿಟೈರಾಗಿದೀನಿ. ಕಾಫಿ ಬೇಕಾದ್ರೆ ನಿಮ್ಮ ತಾತ ಮಾಡ್ಕೊಳ್ಳಲಿ. ಅವರೂ ರಿಟೈರಾಗಿದಾರಲ್ಲ, ಸಾಸಿವೆ ಡಬ್ಬಿ ಇದ್ದಲ್ಲಿ ಜೀರಿಗೆ ಡಬ್ಬಿ ಇಡೋದು ಬಿಟ್ರೆ ಅವರಿಗೆ ಬೇರೆ ಕೆಲಸ ಏನಿದೆ?

ನೀನು ಕೇಳಿದ್ದು ಒಳ್ಳೇ ಪ್ರಶ್ನೆ. ಆಚೆ ಕಾಡಿನ ತುಂಬ ಇನ್ನೂ ಮಂಡಿಯುದ್ದ ಹಿಮ ಇದೆ. ಆದರೆ ಒಂದೊಂದು ಪೈನ್ ಮರದ ಬುಡದಲ್ಲೂ ಬಳೆ ತೊಡಿಸಿದ ಹಾಗೆ ದುಂಡಗೆ ಕರಗಿ ನೆಲ ಕಾಣ್ತಿದೆ. ಯಾಕೆ ಅಂತ ತಾನೆ? ಹೇಳ್ತೀನಿ. ಮಧ್ಯೆ ಬಾಯಿ ಹಾಕಬಾರದು.

ಲೋಕ ಹೊಸದಾಗಿದ್ದಾಗ ಸೂರ್ಯಪ್ಪನೇ ಯಜಮಾನ. ಅವನು ಎಲ್ಲರಿಗೂ ಕೆಲಸ ಹಂಚಿದ. ಬೆಟ್ಟಕ್ಕೆ ನಿಂತಿರೋ ಕೆಲಸ. ಗಾಳಿಗೆ ಸುದ್ದಿ ಹೊತ್ತು ತಿರುಗೋ ಕೆಲಸ. ಮಿಕ್ಕಿದ ಕೆಲಸವನ್ನೆಲ್ಲ ನೀರವ್ವನ ತಲೆ ಮೇಲೆ ಹಾಕಿದ.

ಮಿಕ್ಕಿದ್ದು ಅಂದ್ರೆ ಏನು ಕಡಿಮೆಯಾ? ಹೊಲಕ್ಕೆ ಹೋಗಬೇಕು, ಬೇರಿಗೆ ಉಣಿಸಬೇಕು, ಮೀನನ್ನ ಆಡಿಸಬೇಕು, ಕಲ್ಲು ತೊಳೀಬೇಕು, ಆನೆಗೆ ಸ್ನಾನ ಮಾಡಿಸಬೇಕು. ಬೆಳಗಾದ್ರೆ ಇಲ್ಲಿಂದ "ನೀರು!" ಅಂತ ಕೂಗು, ಅಲ್ಲಿಂದ "ನೀರು!" ಅಂತ ಕೂಗು. ಒಬ್ಬರಾದ್ರೂ "ಬಾರವ್ವ, ಒಂದು ಗಳಿಗೆ ಕೂತ್ಕೋ" ಅಂದವರಿಲ್ಲ.

ನೀರವ್ವ ಓಡಿದಳು, ಓಡಿದಳು, ಸಾವಿರಾರು ವರ್ಷ ಓಡಿದಳು. ಒಂದು ದಿನ ಸೂರ್ಯಪ್ಪನ ಮುಂದೆ ಹೋಗಿ ನಿಂತಳು.

"ಯಜಮಾನ್ರೇ, ನನಗೆ ಸಾಕಾಯ್ತು. ನಾನಿನ್ನು ಕೂತ್ಕೋತೀನಿ."

"ಕೂತ್ಕೊಳ್ಳೋದಾ? ಎಷ್ಟು ಹೊತ್ತು?"

"ಪೂರ್ತಿ," ಅಂದಳು ನೀರವ್ವ.

ಲೋಕದಲ್ಲಿ ಮೊಟ್ಟಮೊದಲು ರಿಟೈರಾದವಳು ಅವಳೇ ಕಣೇ. ದೊಡ್ಡದಾಗಿ ಬೀಳ್ಕೊಡುಗೆ ಸಮಾರಂಭ ಮಾಡಿದರು. ಮೋಡ ಬಂದು ಒಂದು ಬಿಳೀ ಶಾಲು ಹೊದಿಸಿತು. ಬೆಟ್ಟ ಎರಡು ದಿನ ಭಾಷಣ ಮಾಡಿತು. ಕಪ್ಪೆಗಳು ಅತ್ತವು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾಳೆಯಿಂದ ಅವಳ ಕೆಲಸ ಮಾಡೋರು ಯಾರು ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಬೀಳ್ಕೊಡುಗೆ ಅಂದ್ರೆ ಹಾಗೇನೇ, ನನ್ನದೂ ಹಾಗೇ ಆಯ್ತು.

ಎಲ್ಲಿಗೆ ಹೋಗೋದು? ದಕ್ಷಿಣಕ್ಕೆ ಹೋದರೆ ಮತ್ತೆ "ನೀರು, ನೀರು" ಅನ್ನೋರೇ ಎಲ್ಲ. ಅದಕ್ಕೆ ಉತ್ತರಕ್ಕೆ ಬಂದಳು, ಈ ಕಾಡಿಗೆ. ಇಲ್ಲಿ ಪೈನ್ ಮರಗಳದ್ದು ಮಾತು ಕಡಿಮೆ. ಬಂದವಳು ಶಾಲು ಬಿಚ್ಚಿ ಉದ್ದಕ್ಕೂ ಹರಡಿ, "ಅಮ್ಮಾ!" ಅಂತ ಕೂತೇಬಿಟ್ಟಳು. ಕೊಂಬೆ ಮೇಲೂ ಕೂತಳು, ಬಂಡೆ ಮೇಲೂ ಕೂತಳು. ಹಾಗೆ ಕೂತ ನೀರನ್ನೇ ನಾವು ಹಿಮ ಅನ್ನೋದು.

ಮೊದಲನೇ ತಿಂಗಳು ಏನು ಸುಖ ಅಂತೀಯ! ಹೊತ್ತಾಗಿ ಏಳೋದು. ಎದ್ದು ಸುಮ್ಮನೆ ನೋಡೋದು. ತನ್ನ ಮುಂದೆ ಯಾರು ಹಾದು ಹೋದರೂ ಅವರ ಹೆಜ್ಜೆ ಗುರುತು ಇಟ್ಟುಕೊಳ್ಳೋದು. ಮೊಲ ಆ ಕಡೆ ಹೋಯ್ತು, ಅದರ ಹಿಂದೆ ನರಿ ಹೋಯ್ತು, ನರಿ ಬರೀ ಬಾಯಲ್ಲಿ ವಾಪಸ್ ಬಂತು, ಎಲ್ಲ ನೀರವ್ವನಿಗೆ ಗೊತ್ತು. ಜಗಲಿ ಮೇಲೆ ಕೂತ ಮುದುಕಿಗೆ ಬೀದಿ ಸುದ್ದಿಯೆಲ್ಲ ತಿಳೀದೆ ಇರುತ್ತಾ?

ಎರಡನೇ ತಿಂಗಳು ಕೈ ತುರಿಸೋಕೆ ಶುರುವಾಯ್ತು. ಗಾಳಿಯನ್ನ ಕರೆದು ಈ ಗುಡ್ಡೆಯನ್ನ ಅಲ್ಲಿಗೆ ಸರಿಸಿದಳು, ಆ ಗುಡ್ಡೆಯನ್ನ ಇಲ್ಲಿಗೆ ಸರಿಸಿದಳು. ಮಾರನೇ ದಿನ ಮತ್ತೆ ಮೊದಲಿದ್ದ ಹಾಗೇ ಇಟ್ಟಳು. ನಿಮ್ಮ ತಾತನ ಮಸಾಲೆ ಡಬ್ಬಿ ಕಥೆಯೇ! ಪಕ್ಕದ ಗುಹೆಯ ಕರಡಿ ಮಾವ ಸದ್ದಿಗೆ ಎಚ್ಚರವಾಗಿ, "ನೀರವ್ವ, ಸುಮ್ಮನೆ ಮಲಕ್ಕೋಬಾರದಾ ತಾಯಿ?" ಅಂತ ಬೇಡಿಕೊಂಡ.

ಮೂರನೇ ತಿಂಗಳು ಸೂರ್ಯಪ್ಪ ಬಂದ. ಕಾಡಿನ ಅಂಚಲ್ಲಿ ನಿಂತು ಕೆಮ್ಮಿದ.

"ನೀರವ್ವ, ಕೆಳಗಡೆ ಕೆಲಸ ಎಲ್ಲ ನಿಂತುಹೋಗಿದೆ. ಎದ್ದು ಬಾರಮ್ಮ."

"ನಾನು ರಿಟೈರಾಗಿದೀನಿ," ಅಂದಳು. ಅವನು ಬಿಟ್ಟ ಬಿಸಿಲನ್ನೆಲ್ಲ ಬಿಳೀ ಶಾಲಿನಿಂದ ಅವನ ಮುಖಕ್ಕೇ ವಾಪಸ್ ಹೊಡೆದಳು. "ಕಣ್ಣಿಗೆ ಟಾರ್ಚ್ ಬಿಡಬೇಡ, ಹೋಗು!"

ಆಮೇಲೆ ಕಾಗೆ ಬಂತು. "ಅವ್ವಾ, ಹೊಳೆ ಬಡಕಲಾಗಿದೆ. ಮೀನುಗಳು ಒಂದೇ ಗುಂಡಿಯಲ್ಲಿ ಒತ್ತಿಕೊಂಡು ಕೂತಿವೆ. ಎದ್ದು ಬಾ."

"ನಾನಿಲ್ಲದೆ ಲೋಕ ನಡಿಯಲ್ವೇನೋ?"

"ನಡಿಯಲ್ಲವ್ವ."

ಇದನ್ನ ಕೇಳಿ ನೀರವ್ವನಿಗೆ ಒಳಗೊಳಗೇ ಖುಷಿಯಾಯ್ತು. ಸುಳ್ಳು ಯಾಕೆ ಹೇಳಲಿ, ಯಾರಿಗಾದ್ರೂ ಆಗುತ್ತೆ. ಆದರೂ "ನಾನು ರಿಟೈರಾಗಿದೀನಿ" ಅಂದು ಶಾಲನ್ನ ಇನ್ನೂ ಬಿಗಿಯಾಗಿ ಹೊದ್ದುಕೊಂಡಳು. ಯಜಮಾನ ಕರೆದರೂ ಏಳಲಿಲ್ಲ, ಊರೇ ಕರೆದರೂ ಏಳಲಿಲ್ಲ. ಹಟ ಅಂದ್ರೆ ಹಟ.

ಈಗ ಕೇಳು. ಅವಳು ಕೂತಿದ್ದಳಲ್ಲ, ಅವಳ ಮಡಿಲ ಕೆಳಗೇ, ಒಂದು ಮುದಿ ಪೈನ್ ಮರದ ಬುಡದಲ್ಲಿ, ಒಂದು ಪುಟ್ಟ ಸಸಿ ಇತ್ತು. ಎಷ್ಟು ಪುಟ್ಟದು ಅಂದ್ರೆ ನಿನ್ನ ಕಿರುಬೆರಳಷ್ಟು. ಚಳಿಗಾಲವೆಲ್ಲ ಮಲಗಿದ್ದು, ಆವತ್ತು ಕಣ್ಣು ಬಿಟ್ಟಿತು. ಬಾಯೆಲ್ಲ ಒಣಗಿತ್ತು.

"ಅಜ್ಜೀ, ನೀರು."

ನೀರವ್ವ ಕಿವಿ ನಿಮಿರಿಸಿದಳು. ಇಷ್ಟು ವರ್ಷ ಎಲ್ಲರೂ ಅವಳನ್ನ ಕೂಗಿದ್ದರು. ಅಜ್ಜಿ ಅಂತ ಯಾರೂ ಕೂಗಿರಲಿಲ್ಲ.

ಪೈನ್ ಮರಕ್ಕೆ ನಾಚಿಕೆಯಾಯ್ತು. "ಶ್! ಸುಮ್ಮನಿರು ಮಗಾ. ಅಜ್ಜಿ ದುಡಿದು ದುಡಿದು ಸುಸ್ತಾಗಿ ಕೂತಿದಾಳೆ. ಎಬ್ಬಿಸಬಾರದು," ಅಂತ ಪಿಸುಗುಟ್ಟಿತು.

ಸಸಿ ಒಂದಿಷ್ಟು ಹೊತ್ತು ಸುಮ್ಮನಿತ್ತು. ಪಾಪ, ಒಳ್ಳೇ ಮಗು. ಆದರೆ ಬಾಯಾರಿಕೆಗೆ ಒಳ್ಳೇತನ ಗೊತ್ತಾ? "ಅಜ್ಜೀ, ನೀರು," ಅಂತು ಮತ್ತೆ. ಈ ಸಲ ದನಿ ಚಿಕ್ಕದಾಗಿತ್ತು.

ಮೂರನೇ ಸಲ "ಅಜ್ಜೀ" ಅಂದಿತು, ಅಷ್ಟೇ. ಮುಂದಿನ ಮಾತು ಬರಲಿಲ್ಲ. ಅದರ ಎರಡು ಎಲೆ ಬಾಡಿ ಜೋತುಬಿದ್ದವು.

ನೀರವ್ವ ಬಗ್ಗಿ ನೋಡಿದಳು. ಕಾಡಿನ ತುಂಬ ನೀರೇ ಕೂತಿದೆ, ಅದರ ಮಡಿಲಲ್ಲೇ ಮಗು ನೀರಿಲ್ಲದೆ ಸಾಯೋದಾ? "ಬಂದೆ ಕಂದಾ, ಬಂದೆ!" ಅಂತ ಏಳೋಕೆ ಹೋದಳು.

ಏಳೋಕಾಗಲಿಲ್ಲ.

ಮೂರು ತಿಂಗಳು ಒಂದೇ ಕಡೆ ಕೂತಿದ್ದಳಲ್ಲ, ಮಂಡಿ ಹಿಡಿದುಕೊಂಡುಬಿಟ್ಟಿತ್ತು. ಗಟ್ಟಿ ಕಲ್ಲು! ಒಂದು ಸಲ ಕೈ ಊರಿ ಎದ್ದಳು, ಲಟಕ್ ಅಂತು, ಕುಸಿದಳು. ಇನ್ನೊಂದು ಸಲ ಎದ್ದಳು, ಲಟಕ್ ಅಂತು, ಕುಸಿದಳು.

"ಅಯ್ಯೋ, ಏಳೋಕಾಗ್ತಿಲ್ಲವಲ್ಲೋ!" ಅಂತ ಕೂಗಿದಳು. "ನಾನು ಏಳಲ್ಲ, ಏಳಲ್ಲ ಅಂತ ಹಟ ಮಾಡ್ತಾ ಇದ್ದೆ. ಏಳಬೇಕು ಅಂದಾಗ ಎದ್ದೇ ಏಳ್ತೀನಿ ಅಂದ್ಕೊಂಡಿದ್ದೆ!"

ಆ ಭಯ ಏನು ಅಂತ ನಿನಗೆ ಗೊತ್ತಾಗಲ್ಲ ಮರಿ. ಈ ಅಜ್ಜಿಗೆ ಗೊತ್ತು.

ಕೂಗು ಕೇಳಿ ಸೂರ್ಯಪ್ಪ ಓಡಿ ಬಂದ. "ಶಾಖ ಕೊಡ್ತೀನಿ, ತಗೋ!" ಅಂತ ಬಿಸಿಲು ಸುರಿದ. ಆದರೆ ಶಾಲು ಬಿಳಿ ನೋಡು, ಸುರಿದದ್ದೆಲ್ಲ ತಟ್ಟಿ ವಾಪಸ್ ಹೋಯ್ತು. ತೆಗೆದು ಬಿಸಾಕೋಣ ಅಂದ್ರೆ ಅದೂ ಮೈಗೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಸನ್ಮಾನದ ಶಾಲು ಅಷ್ಟು ಸುಲಭಕ್ಕೆ ಬಿಡುತ್ತಾ?

ಆಗ, ಪಿಸುಮಾತು ಬಿಟ್ಟು ಬೇರೆ ಆಡದ ಪೈನ್ ಮರ ಗಟ್ಟಿಯಾಗಿ ಮಾತಾಡಿತು.

"ಸೂರ್ಯಪ್ಪ, ನಿನ್ನ ಶಾಖ ನನ್ನ ಬೆನ್ನಿಗೆ ಹಾಕು. ನನ್ನ ತೊಗಟೆ ಕಪ್ಪು, ಬಿಸಿ ಬಂದರೆ ಹಿಡಿದಿಟ್ಟುಕೊಳ್ಳುತ್ತೆ."

ಸೂರ್ಯಪ್ಪ ಹಾಗೇ ಮಾಡಿದ. ಮರದ ಮೈ ಮೆಲ್ಲಗೆ ಕಾದಿತು, ರಾತ್ರಿ ಒಲೆ ಆರಿದ ಮೇಲೂ ಬೆಚ್ಚಗಿರೋ ಗೋಡೆ ಥರ.

"ನೀರವ್ವ, ನೀನು ಚಳಿಗಾಲವೆಲ್ಲ ನನ್ನ ಕೊಂಬೆ ಮೇಲೆ ಕೂತೆ. ಭಾರ ಅಂತ ನಾನು ಒಂದು ಮಾತು ಆಡಲಿಲ್ಲ. ಈಗ ಇನ್ನೊಂಚೂರು ಭಾರ ಹಾಕು. ನನ್ನ ಹಿಡ್ಕೊಂಡು ಏಳು," ಅಂತು ಮರ.

ನೀರವ್ವ ಎರಡೂ ಕೈ ಚಾಚಿ ಮರವನ್ನ ತಬ್ಬಿ ಹಿಡಿದಳು. ಬೆಚ್ಚಗೆ ಅನ್ನಿಸಿತು. ಬೆರಳು ಸಡಿಲವಾಯ್ತು. ಆಮೇಲೆ ಮೊಣಕೈ. ಆಮೇಲೆ, ದೇವರ ದಯೆ, ಮಂಡಿ. "ಉಸ್ಸಪ್ಪಾ" ಅಂತ ಮರದ ಸುತ್ತಲಿಂದ ಮೇಲೆದ್ದಳು.

ಟಪ್.

ಒಂದು ಹನಿ ಸಸಿಯ ಬುಡಕ್ಕೆ ಬಿತ್ತು. ಇನ್ನೊಂದು ಹನಿ. ಮತ್ತೊಂದು. ನೀರವ್ವ ನೋಡಿದಳು. ಪೈನ್ ಮರ ನೋಡಿತು. ಸೂರ್ಯಪ್ಪ ಮುಳುಗೋದು ಮರೆತು ನೋಡಿದ. ಕರಡಿ ಮಾವನೂ ಗುಹೆಯಿಂದ ಮೂತಿ ಹೊರಗಿಟ್ಟ.

ಜೋತುಬಿದ್ದ ಎಲೆ ಅಲ್ಲಾಡಿತು. ಒಂದು ಎಲೆ ನೆಟ್ಟಗಾಯ್ತು. ಇನ್ನೊಂದೂ ನೆಟ್ಟಗಾಯ್ತು.

"ಅಜ್ಜೀ, ಇನ್ನೊಂಚೂರು," ಅಂತು ಸಸಿ.

ನೀರವ್ವ ಅತ್ತಳು. ಅತ್ತದ್ದೂ ನೀರೇ ಆದದ್ದರಿಂದ ಸಸಿಗೆ ಹೊಟ್ಟೆ ತುಂಬಿತು.

ಎದ್ದ ಮೇಲೆ ಕೆಳಗಡೆ ನೋಡಿದಳು. ಹೊಳೆಯ ಬಡಕಲು ಮೈ ಕಂಡಿತು, ಗುಂಡಿಯ ಮೀನು ಕಂಡವು. ಸೂರ್ಯಪ್ಪ ಬಾಯಿ ತೆರೆಯೋ ಮುಂಚೆಯೇ ಬೆರಳು ತೋರಿಸಿ ಹೇಳಿದಳು, "ನೋಡು ಯಜಮಾನ, ಹೋಗ್ತೀನಿ. ಆದರೆ ಮೊದಲಿನ ಥರ ವರ್ಷಪೂರ್ತಿ ಅಲ್ಲ. ಆರು ತಿಂಗಳು ಓಡ್ತೀನಿ, ಆರು ತಿಂಗಳು ಕೂತ್ಕೋತೀನಿ. ಒಪ್ಪಿದ್ರೆ ಸೈ, ಇಲ್ಲದಿದ್ರೆ ಇಲ್ಲ."

"ಸೈ," ಅಂದ ಸೂರ್ಯಪ್ಪ. ಒಪ್ಪದೆ ಏನು ಮಾಡ್ತಾನೆ?

ಪೈನ್ ಮರದ ಕೊಂಬೆಗಳು ಹಗುರಾಗಿ ಮೇಲೆದ್ದಿದ್ದವು. ನೀರವ್ವ ಅದರ ತೊಗಟೆ ಸವರಿ, ಹೊಸಿಲು ದಾಟೋ ಹೆಂಗಸರು ಹೇಳೋ ಹಾಗೆ, "ಹೋಗಿ ಬರ್ತೀನಿ ಕಣಪ್ಪ," ಅಂದಳು. ಇಳಿಜಾರು ಹಿಡಿದು ಓಡಿದಳು. ಓಡುವಾಗ ನಗುತ್ತಿದ್ದಳಂತೆ.

ಹೋಗಿ ಬರ್ತೀನಿ ಅಂದ ಮೇಲೆ ಬರಲೇಬೇಕಲ್ಲ. ಅದಕ್ಕೇ ಪ್ರತಿ ವರ್ಷ ಶಾಲು ಹೊದ್ದು ಬರ್ತಾಳೆ, ಕೂತ್ಕೋತಾಳೆ, ಮಂಡಿ ಹಿಡ್ಕೊಳ್ಳುತ್ತೆ. ಮಾರ್ಚ್ ತಿಂಗಳಲ್ಲಿ ಯಾವುದೋ ಒಂದು ಸಸಿ "ಅಜ್ಜೀ" ಅನ್ನುತ್ತೆ. ಆಗ ಹತ್ತಿರದ ಮರ ತಬ್ಬಿ ಹಿಡಿದು ಏಳ್ತಾಳೆ. ನೀನು ಕಿಟಕೀಲಿ ನೋಡಿದ ಆ ಬಳೆ, ಅವಳು ಕೈ ಊರಿ ಎದ್ದ ಜಾಗ.

ಮುಗೀತು ಕಥೆ. ಇನ್ನು ಆಡ್ಕೋ ಹೋಗು.

ಏನು? ನೀರಾ? ನಿನ್ನ ತಾತನ್ನ ಕೇಳು, ಅಡಿಗೆಮನೇಲೇ ಇದಾರೆ. ಡಬ್ಬಿಗಳ ಮಧ್ಯೆ ಒಂದು ಲೋಟ ಸಿಕ್ಕೇ ಸಿಗುತ್ತೆ.

ತಾತ ಬೇಡವಾ? ಅಜ್ಜೀನೇ ಕೊಡಬೇಕಾ? ಕಳ್ಳಿ! ಕಥೆ ಕೇಳಿ ಕಲಿತಿದ್ದು ಇದೇನಾ? ಇವತ್ತು ಏಳಲ್ಲ ಅಂತ ಆಗಲೇ ಹೇಳಿದೀನಿ ನಾನು. ನನ್ನ ಕಾಲು ಏನು ನಿನ್ನ ಕಾಲಾ?

ಸರಿ, ಹಾಗೆ ನೋಡಬೇಡ. ಈ ಮನೆಯ ನಡುಗಂಬವೂ ಪೈನ್ ಮರದ್ದೇ, ಸ್ಟೌ ಪಕ್ಕ ನಿಂತು ನಿಂತು ಬೆಚ್ಚಗಿದೆ. ಕೈ ಹಾಕಿದೆ ನೋಡು. ಉಸ್ಸಪ್ಪಾ. ಬಂದೆ ಕಂದಾ, ಬಂದೆ. ನಾನು ನೀರು ತರೋ ಅಷ್ಟರಲ್ಲಿ ನೀನು ಕಿಟಕಿ ಹತ್ತಿರ ಹೋಗಿ ನೋಡ್ತಾ ಇರು, ಆಚೆ ಪೈನ್ ಮರದ ಬುಡದಲ್ಲೂ ಈಗ ಇದೇ ನಡೀತಾ ಇದೆ.