ಲಾವಂಚದ ಕೈ

"ಗುರುಗಳೇ, ದೊಡ್ಡ ಮನುಷ್ಯರನ್ನು ಕಂಡರೆ ಗುರುತು ಹಿಡಿಯುವುದು ಹೇಗೆ?"

ಕೇಳಿದ ಶಿಷ್ಯ ಐದು ದಿನದ ಜ್ವರದಿಂದ ಹಿಂದಿನ ದಿನವಷ್ಟೇ ಎದ್ದಿದ್ದ. ಮೈಯಲ್ಲಿ ತ್ರಾಣ ಬಂದದ್ದೇ ತಡ, ಬಟ್ಟೆಯ ಗಂಟು ಕಟ್ಟಿಕೊಂಡು ಬಂದು ನಿಂತಿದ್ದ. ಈ ಮಠದಲ್ಲಿ ಅಡುಗೆಯವರು, ದನ ಕಾಯುವವರು, ಕಸ ಗುಡಿಸುವವರು ಬಿಟ್ಟರೆ ಬೇರೆ ಯಾರಿದ್ದಾರೆ? ದೇಶ ಸುತ್ತಬೇಕು, ನಿಜವಾದ ಮಹಾತ್ಮರೊಬ್ಬರನ್ನು ಹುಡುಕಿ ಅವರ ಸೇವೆ ಮಾಡಬೇಕು ಎಂಬುದು ಅವನ ಆಸೆ. ಎದುರಿಗೆ ಕುಳಿತ ಗುರುಗಳನ್ನು ಅವನು ಲೆಕ್ಕಕ್ಕೆ ಹಿಡಿದಂತಿರಲಿಲ್ಲ. ಗುರುಗಳು ಬೇಸರ ಮಾಡಿಕೊಳ್ಳಲಿಲ್ಲ. ಮೊರದ ಹುರುಳಿಯಲ್ಲಿ ಕಲ್ಲು ಆರಿಸುತ್ತಲೇ ಕತೆ ಹೇಳಿದರು.

ಒಬ್ಬ ಮೆಣಸಿನ ವರ್ತಕನಿದ್ದ. ವ್ಯಾಪಾರಕ್ಕೆಂದು ದೂರದ ಊರಿಗೆ ಹೋದಾಗ ಅವನ ಎರಡು ಕಣ್ಣಿಗೂ ಬೇನೆ ಬಂತು. ಆ ಊರಿನ ವೈದ್ಯ ಔಷಧಿ ಹಾಕಿ ಬಟ್ಟೆ ಕಟ್ಟಿದ. ಹದಿನೈದು ದಿನ ಕಟ್ಟು ಬಿಚ್ಚಕೂಡದು, ಬಿಚ್ಚಿದರೆ ದೃಷ್ಟಿಯ ಆಸೆ ಬಿಡಬೇಕು ಎಂದ. ವೈದ್ಯನ ಮನೆಯ ಪಕ್ಕದಲ್ಲೇ ಒಂದು ಛತ್ರ. ಅಲ್ಲಿ ವರ್ತಕನನ್ನು ಮಲಗಿಸಿದರು.

ಯಾರನ್ನೇ ಆಗಲಿ ಒಂದೇ ನೋಟದಲ್ಲಿ ಅಳೆಯುತ್ತೇನೆ ಎಂದು ಬೀಗುತ್ತಿದ್ದವನು ಈಗ ನೀರಿನ ಚೊಂಬು ಎಲ್ಲಿದೆ ಎಂದು ತಡಕಾಡಬೇಕಾಯಿತು. ಹೆಜ್ಜೆಯ ಸಪ್ಪಳವಾದರೆ ಬೆಚ್ಚಿಬೀಳುತ್ತಿದ್ದ. ಆಗ ಒಂದು ಕೈ ಬಂತು. ಕೈಗಿಂತ ಮುಂಚೆ ಅದರ ಪರಿಮಳ ಬಂತು. ಲಾವಂಚದ ಬೇರಿನ ತಂಪು, ಜೊತೆಗೆ ಸ್ವಲ್ಪ ಗಂಧ. ಆ ಕೈ ಗಂಜಿ ಕುಡಿಸಿತು, ಬಾಯಿ ಒರೆಸಿತು, ಹೋಯಿತು. ಒಂದು ಮಾತೂ ಇಲ್ಲ. ಸಂಜೆ ಮತ್ತೆ ಅದೇ ಪರಿಮಳ, ಮತ್ತೆ ಗಂಜಿ. ಮೂರನೆಯ ದಿನದ ಹೊತ್ತಿಗೆ ವರ್ತಕ ಬೆಚ್ಚುವುದನ್ನು ಬಿಟ್ಟ. ಪರಿಮಳ ಬಂದರೆ ಸಾಕು, ಬಾಯಿ ತೆರೆಯುತ್ತಿದ್ದ.

ಒಂಬತ್ತನೆಯ ದಿನ ಅವನ ಧೈರ್ಯ ಕುಸಿಯಿತು. ಇನ್ನು ಮಗಳ ಮುಖ ನೋಡುವ ಯೋಗ ತನಗಿಲ್ಲ ಎಂದು ಗಟ್ಟಿಯಾಗಿ ಅತ್ತ. ಆ ಕೈ ಅವನ ಕೈ ಹಿಡಿಯಿತು. ಅಳು ನಿಲ್ಲುವವರೆಗೂ ಬಿಡಲಿಲ್ಲ. ಹುಟ್ಟಿದಾಗಿನಿಂದ ತನ್ನ ಜೊತೆ ಯಾರೂ ಅಷ್ಟು ಹೊತ್ತು ಸುಮ್ಮನೆ ಕುಳಿತದ್ದಿಲ್ಲ ಎನಿಸಿತು ಅವನಿಗೆ.

ಗಂಡೋ ಹೆಣ್ಣೋ ತಿಳಿಯಲಿಲ್ಲ. ಕೈ ಒಂದು ಹೊತ್ತು ಮೆದುವಾಗಿರುತ್ತಿತ್ತು, ಇನ್ನೊಂದು ಹೊತ್ತು ಒರಟಾಗಿರುತ್ತಿತ್ತು. ಪಾಪ, ಕೆಲಸ ಹೆಚ್ಚಾದಾಗ ಒರಟಾಗುತ್ತದೆ ಎಂದುಕೊಂಡ. ಉಳಿದದ್ದನ್ನು ಪರಿಮಳವೇ ಹೇಳಿತು. ಇಂಥ ಪರಿಮಳ ಹಚ್ಚುವವರು ದೊಡ್ಡ ಮನೆತನದವರು, ಓದಿಕೊಂಡವರು, ಬಿಳಿಯ ಬಟ್ಟೆ ಉಡುವವರು. ಮಲಗಿದಲ್ಲೇ ಒಂದು ಮೂರ್ತಿಯನ್ನು ಕಡೆದು ನಿಲ್ಲಿಸಿದ. ಮೂರ್ತಿಗೆ ಮುಖ ಒಂದೇ ಬಾಕಿ.

ಹದಿನಾರನೆಯ ದಿನ ಕಟ್ಟು ಬಿಚ್ಚಿದರು. ಕಣ್ಣು ಕಂಡಿತು. ಎದುರಿಗೆ ವೈದ್ಯನೊಬ್ಬನೇ ಇದ್ದ. "ನನ್ನನ್ನು ನೋಡಿಕೊಂಡವರು ಯಾರು?" ಎಂದು ವರ್ತಕ ಕೇಳಿದ. "ಅದನ್ನು ಹೇಳುವ ಪದ್ಧತಿ ಇಲ್ಲಿಲ್ಲ" ಎಂದ ವೈದ್ಯ. ಸರಿ, ಆ ಪಾದಕ್ಕೆ ಒಮ್ಮೆ ಬೀಳದೆ ಊರಿಗೆ ಹೋಗುವುದಿಲ್ಲ ಎಂದು ವರ್ತಕ ಹಟ ಹಿಡಿದು ಹೊರಟ.

ಛತ್ರದ ಬಾಗಿಲಲ್ಲಿ ಒಬ್ಬ ಹೆಂಗಸು ಮೆಟ್ಟಿಲು ತೊಳೆಯುತ್ತಿದ್ದಳು. ಇವನನ್ನು ಕಂಡದ್ದೇ ಪೊರಕೆ ಕೆಳಗಿಟ್ಟು ಎದ್ದು ನಿಂತಳು. "ಯಜಮಾನರೇ, ಕಣ್ಣು ಚೆನ್ನಾಗಿ ಕಾಣ್ತದಾ?" ಎಂದಳು. ವರ್ತಕ ಮೂಗರಳಿಸಿದ. ಸಗಣಿ ನೀರಿನ ವಾಸನೆ. "ಕಾಣ್ತದೆ, ದಾರಿ ಬಿಡು" ಎಂದು ಮೆಟ್ಟಿಲಿಳಿದು ಹೋದ.

ನೇರವಾಗಿ ಅತ್ತರಿನ ಅಂಗಡಿಗೆ ಹೋದ. ಕುಪ್ಪಿಯ ಮೇಲೆ ಕುಪ್ಪಿ ಮೂಸಿದ. ಏಳನೆಯದನ್ನು ತೆಗೆದಾಗ ಕಣ್ಣಲ್ಲಿ ನೀರು ಬಂತು.

"ಇದು ಗಂಡಸರದೋ ಹೆಂಗಸರದೋ?"

"ಬೇರಿಗೆ ಗಂಡು ಹೆಣ್ಣು ಅಂತ ಉಂಟೇ ಸ್ವಾಮಿ? ಇಬ್ಬರೂ ಹಚ್ಚುತ್ತಾರೆ. ಆದರೆ ಎಲ್ಲರಿಗೂ ಒಪ್ಪುವ ಸರಕಲ್ಲ ಇದು. ಶಾಂತ ಸ್ವಭಾವ ಇರಬೇಕು, ಮಾತು ಕಡಿಮೆ ಇರಬೇಕು, ಮನಸ್ಸು ದೊಡ್ಡದಿರಬೇಕು. ತಮ್ಮನ್ನು ನೋಡಿದೊಡನೆ ಇದೇ ಕುಪ್ಪಿ ಕೊಡಬೇಕು ಅಂದುಕೊಂಡೆ."

ಆರು ಕುಪ್ಪಿ ಮೂಸಿಸಿದ ಮೇಲೆ ಹೇಳಿದ ಮಾತು ಅದು. ವರ್ತಕನಿಗೆ ಅದು ಹೊಳೆಯಲೇ ಇಲ್ಲ. ಒಂದು ಕುಪ್ಪಿ ತಾನೂ ಕೊಂಡು ಕಿವಿಯ ಹಿಂದೆ ಹಚ್ಚಿಕೊಂಡ. ಊರಿನಲ್ಲಿ ಇದನ್ನು ಕೊಳ್ಳುವವರು ಮೂರೇ ಜನ ಎಂದು ತಿಳಿದು ಅವರ ಮನೆಗಳ ಗುರುತು ಕೇಳಿದ. ಶಾಂತ ಸ್ವಭಾವದ ಅತ್ತರು ಹಚ್ಚಿಕೊಂಡೇ, ಅಲ್ಲಿಗೆ ಹೋಗಲು ಕರೆಸಿದ ಗಾಡಿ ತಡವಾಯಿತೆಂದು ಛತ್ರದ ಗಾಡಿಯವನನ್ನು ಬಾಯಿಗೆ ಬಂದಂತೆ ಬೈದ.

ಮೊದಲನೆಯವನು ನ್ಯಾಯಾಧಿಕಾರಿ. ಅದೇ ಪರಿಮಳ ಬಾಗಿಲವರೆಗೂ ಬಂತು. ಆದರೆ ಅವನು ವರ್ತಕನನ್ನು ಅರ್ಧ ದಿನ ಬಿಸಿಲಲ್ಲಿ ನಿಲ್ಲಿಸಿ, ಏನೆಂದೂ ಕೇಳದೆ ಒಳಗೆ ಹೋದ. ಎರಡನೆಯವಳು ಗಾಯಕಿ. ಕರೆದು ಕೂರಿಸಿ ಮಜ್ಜಿಗೆ ಕೊಟ್ಟಳು, ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹದಿನೈದು ದಿನ ಬಾಯಿ ಮುಚ್ಚಿಕೊಂಡು ಕೂರುವುದಾ? ನನ್ನ ಕೈಲಿ ಆಗುವ ಕೆಲಸವಾ ಅದು, ಹೇಳಿ" ಎಂದಳು.

ಮೂರನೆಯವನು ಹಿರಿಯ ಜಮೀನುದಾರ. ಬಿಳಿಯ ಬಟ್ಟೆ, ಕಡಿಮೆ ಮಾತು, ಮೈತುಂಬ ಲಾವಂಚ. ಮೂರ್ತಿಗೆ ಮುಖ ಸಿಕ್ಕಿತು. ವರ್ತಕ ಉದ್ದಕ್ಕೆ ಬಿದ್ದು ನಮಸ್ಕರಿಸಿದ. "ನನ್ನ ಕಣ್ಣು ಕಾಯ್ದವರು ತಾವೇ ಅಲ್ಲವೇ?" ಎಂದ. ಜಮೀನುದಾರನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಕಾಲಿಗೆ ಬಿದ್ದವನನ್ನು ಅಲ್ಲವೆಂದು ಎಬ್ಬಿಸಲು ಯಾರಿಗೆ ಮನಸ್ಸು ಬರುತ್ತದೆ? "ಇರಲಿ ಇರಲಿ, ಅದೇನು ಮಹಾ" ಎಂದು ಕೈ ಹಿಡಿದು ಎಬ್ಬಿಸಿದ. ಕೈ ಸೋಕಿದ ಕೂಡಲೇ ವರ್ತಕನಿಗೆ ತಿಳಿಯಿತು. ಪರಿಮಳ ಅದೇ. ತಾನು ಅತ್ತ ದಿನ ಹಿಡಿದಿದ್ದ ಕೈ ಇದಲ್ಲ.

ವರ್ತಕ ವೈದ್ಯನ ಬಳಿಗೆ ಮರಳಿ ಬಂದ. "ಕಣ್ಣು ಕೊಟ್ಟಿರಿ, ನೋಡಬೇಕಾದ್ದೊಂದು ಕಾಣುತ್ತಿಲ್ಲ" ಎಂದು ನಡೆದದ್ದನ್ನೆಲ್ಲ ಹೇಳಿ ದುಃಖಿಸಿದ.

"ಹೇಳಬಾರದು. ಆದರೆ ನೀವು ಕಂಡಕಂಡವರ ಕಾಲಿಗೆ ಬೀಳುವುದನ್ನು ನೋಡಲಾರೆ" ಎಂದ ವೈದ್ಯ. ಅವನನ್ನು ಛತ್ರದ ಹಿತ್ತಲಿಗೆ ಕರೆದುಕೊಂಡು ಹೋದ. ಅಲ್ಲೊಂದು ಮಣ್ಣಿನ ಬಾನಿ. ನೀರಿನಲ್ಲಿ ಲಾವಂಚದ ಬೇರಿನ ಕಟ್ಟು, ಪಕ್ಕದಲ್ಲಿ ತೇದಿಟ್ಟ ಗಂಧ.

"ಕಣ್ಣು ಕಟ್ಟಿದವರಿಗೆ ಗೊತ್ತಿಲ್ಲದ ಕೈ ತಾಗಿದರೆ ಭಯ. ಅದಕ್ಕೇ ಯಾರು ಬಂದರೂ ಇದರಲ್ಲಿ ಕೈ ತೊಳೆದು ಒಳಗೆ ಹೋಗಬೇಕು. ಮಾತಾಡಕೂಡದು. ಮಾತಾಡಿದರೆ ರೋಗಿ ಒಬ್ಬರನ್ನೇ ಹಚ್ಚಿಕೊಂಡು, ಉಳಿದವರು ಕೊಟ್ಟ ಗಂಜಿ ಬೇಡ ಎನ್ನುತ್ತಾನೆ. ನಿಮ್ಮನ್ನು ನೋಡಿಕೊಂಡವರು ಹನ್ನೊಂದು ಜನ. ಈ ಬೀದಿಯವರೇ, ಬಿಡುವಿದ್ದವರು ಬರುತ್ತಾರೆ. ಸಂಜೆಯ ಗಂಜಿ ಹೆಚ್ಚಾಗಿ ಗಾಡಿಯವನದು."

ವರ್ತಕನಿಗೆ ಗಾಡಿಯವನನ್ನು ಬೈದ ಮಾತೆಲ್ಲ ನೆನಪಾಗಿ ಮುಖ ಸಣ್ಣದಾಯಿತು. ಕೊನೆಗೆ ಕೇಳಿದ: "ನಾನು ಅತ್ತ ದಿನ ಕೈ ಹಿಡಿದುಕೊಂಡು ಕುಳಿತವರು?"

"ಮೆಟ್ಟಿಲು ತೊಳೆಯುವವಳು. ನಿಮ್ಮ ಕಟ್ಟು ಬಿಚ್ಚಿದ ದಿನ ಓಡಿ ಬಂದು ಹೇಳಿದಳು: ಯಜಮಾನರಿಗೆ ಕಣ್ಣು ಚೆನ್ನಾಗಿ ಬಂದದೆ, ನನ್ನ ನೋಡಿ ದಾರಿ ಬಿಡು ಅಂದರು ಅಂತ. ಎಷ್ಟು ಸಂತೋಷಪಟ್ಟಳು ಗೊತ್ತೇ."

ವರ್ತಕನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಛತ್ರದ ಬಾಗಿಲಿಗೆ ಓಡಿದ. ಮೆಟ್ಟಿಲು ಒದ್ದೆಯಾಗಿತ್ತು, ಪೊರಕೆ ಗೋಡೆಗೊರಗಿತ್ತು, ಆಕೆ ಇರಲಿಲ್ಲ. ಬೆಳಿಗ್ಗೆ ಇನ್ನೊಬ್ಬ ರೋಗಿ ಬಂದಿದ್ದ. ಒಳಗಿನಿಂದ ಅವನ ನರಳಾಟ ಕೇಳುತ್ತಿತ್ತು. ಅಷ್ಟರಲ್ಲಿ ಮೊದಲು ಪರಿಮಳ ಬಂತು, ಹಿಂದೆಯೇ ಆಕೆ ಬಂದಳು. ತೊಳೆದ ಕೈಗಳು ಯಾವುದಕ್ಕೂ ತಾಗದಂತೆ ಮೇಲೆತ್ತಿಕೊಂಡಿದ್ದಳು. ವರ್ತಕ ಕಾಲಿಗೆ ಬೀಳಲು ಬಗ್ಗಿದ. ಆಕೆ ಗಾಬರಿಯಿಂದ ತಲೆಯಾಡಿಸಿದಳು, ಒಳಗಿನ ರೋಗಿಯ ಕಡೆ ಕಣ್ಣಲ್ಲೇ ತೋರಿಸಿದಳು. ಮಾತಾಡುವಂತಿರಲಿಲ್ಲ.

ವರ್ತಕ ದಾರಿ ಬಿಟ್ಟ.

ಗುರುಗಳು ಕತೆ ನಿಲ್ಲಿಸಿ ಮೊರ ಕೊಡವಿದರು. ಶಿಷ್ಯ ಗಂಟನ್ನು ಹೆಗಲಿಗೇರಿಸಿದ. "ತಿಳಿಯಿತು ಗುರುಗಳೇ. ಹೊರಗಿನ ಲಕ್ಷಣ ನೋಡಿ ಮೋಸ ಹೋಗಬಾರದು. ದಾರಿಯಲ್ಲಿ ಇದನ್ನು ನೆನಪಿಟ್ಟುಕೊಂಡೇ ಮಹಾತ್ಮರನ್ನು ಹುಡುಕುತ್ತೇನೆ" ಎಂದ.

ಗುರುಗಳು ಕೇಳಿದರು: "ಜ್ವರದಲ್ಲಿ ಐದು ದಿನ ನಿನಗೆ ಗಂಜಿ ಕುಡಿಸಿದವರು ಯಾರಪ್ಪ?"

ಶಿಷ್ಯ ಗಂಟನ್ನು ಹೆಗಲಿಂದ ಇಳಿಸಿದ. ಯಾರೆಂದು ಕೇಳಲು ಅಡುಗೆಮನೆಯ ಕಡೆ ನಡೆದ.