ಬರಿದಾಗಿ ಬಂದ ಪಾತ್ರೆ

"ಗುರುಗಳೇ, ಕಣ್ಣಾರೆ ಕಂಡ ಮೇಲೂ ಮನುಷ್ಯ ತಪ್ಪು ತಿಳಿಯುವುದುಂಟೇ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನ ಹೆಂಡತಿಯಿದ್ದಳು. ಪಕ್ಕದ ಮನೆ ನೇಕಾರನದು. ನೇಕಾರನ ಹೆಂಡತಿಗೂ ಇವಳಿಗೂ ಮದುವೆಯಾಗಿ ಬಂದಂದಿನಿಂದ ಗೆಳೆತನ. ಗಾಣಿಗನ ಮನೆಯಲ್ಲಿ ಏನು ವಿಶೇಷ ಮಾಡಿದರೂ ನೇಕಾರನ ಮನೆಗೆ ಒಂದು ಪಾಲು ಹೋಗುತ್ತಿತ್ತು. ಹಾಗೆ ಬಂದ ಪಾತ್ರೆಯನ್ನು ಬರಿದಾಗಿ ಮರಳಿಸಬಾರದೆಂಬುದು ಆ ಊರಿನ ಪದ್ಧತಿ. ಬೇರೇನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡಬೇಕು.

ಒಂದು ದಿನ ಪಾತ್ರೆ ಬರಿದಾಗಿ ಬಂತು. ನೇಕಾರನ ಹೆಂಡತಿ ಅದನ್ನು ತೊಳೆದು ಜಗಲಿಯ ಮೇಲಿಟ್ಟು ಹೋಗಿದ್ದಳು. ಒಳಗೆ ಬಂದು ಮಾತನಾಡಿಸಲೂ ಇಲ್ಲ.

ಗಾಣಿಗನ ಹೆಂಡತಿಗೆ ಎದೆ ಚುಚ್ಚಿದಂತಾಯಿತು. ನಾನು ಕೊಟ್ಟದ್ದಕ್ಕೆ ಇಷ್ಟೇ ಬೆಲೆಯೇ ಎಂದುಕೊಂಡಳು. ಆ ಹೊತ್ತು ಊಟ ಸೇರಲಿಲ್ಲ. ಕೈ ತೊಳೆದು ಏಳುವಷ್ಟರಲ್ಲಿ ಮನಸ್ಸಿನಲ್ಲಿ ತೀರ್ಪು ಆಗಿಹೋಗಿತ್ತು: ನೇಕಾರನ ಹೆಂಡತಿಗೆ ಸೊಕ್ಕು ಬಂದಿದೆ.

ತೀರ್ಪು ಆದ ಮೇಲೆ ಸಾಕ್ಷಿಗೇನು ಬರ? ಊಟದ ಹೊತ್ತಿಗೆ ಆ ಮನೆಯ ಕದ ಮುಚ್ಚತೊಡಗಿತು. ತಿನ್ನುವುದನ್ನು ನಾನು ನೋಡಿಬಿಡುತ್ತೇನೆಂಬ ಭಯ ಎಂದಳು. ಬಾವಿಯ ಬಳಿ ನೇಕಾರನ ಹೆಂಡತಿ ಏನೋ ಹೇಳಲು ಬಂದವಳು ಇವಳ ಮುಖ ನೋಡಿ ತಲೆ ತಗ್ಗಿಸಿ ಹೋದಳು. ಮಾಡಿದ ತಪ್ಪು ಸುಮ್ಮನೆ ಬಿಟ್ಟೀತೇ ಎಂದಳು ಗಾಣಿಗನ ಹೆಂಡತಿ. ಪಾಲು ಕಳಿಸುವುದನ್ನು ನಿಲ್ಲಿಸಿದಳು. ಗೆಳತಿಯ ನೆನಪಾಗಿ ಒಬ್ಬಳೇ ಅತ್ತದ್ದೂ ಉಂಟು. ಅಳಿಸಿದಳಲ್ಲ ಎಂದು ಅದಕ್ಕೂ ಅವಳನ್ನೇ ಬೈದಳು.

ಗಾಣಿಗ ಒಮ್ಮೆ, "ಮಗ್ಗದ ಸದ್ದು ಕೇಳಿ ಬಹಳ ದಿನವಾಯಿತಲ್ಲ. ಹೋಗಿ ವಿಚಾರಿಸಬಾರದೇ?" ಎಂದ.

"ವಿಚಾರಿಸುವುದೇನಿದೆ? ಎಲ್ಲ ಕಣ್ಣಾರೆ ಕಂಡಿದ್ದೇನೆ" ಎಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ನೇಕಾರನ ಹೆಂಡತಿ ತೀರಿಕೊಂಡಳು. ಹೆಣ ಎತ್ತಿದವರು, ಮಗುವಿನಷ್ಟೂ ಭಾರವಿಲ್ಲ ಎಂದರು. ಒಳಗೆ ಹೋದ ಹೆಂಗಸರು ಕಾಳಿನ ಗಡಿಗೆಗಳಿಗೆಲ್ಲ ಕೈ ಹಾಕಿ ನೋಡಿದರು. ಒಂದರಲ್ಲೂ ಏನೂ ಇರಲಿಲ್ಲ. ನೇಕಾರ ಅಳುತ್ತಾ ಎಲ್ಲವನ್ನೂ ಹೇಳಿದ. ಅವನ ಕೈ ಊದಿಕೊಂಡು ಮಗ್ಗ ನಿಂತಿತ್ತು. ಸಿಕ್ಕಿದ ಗಂಜಿಯನ್ನು ಅವನಿಗೆ ಕುಡಿಸಿ ಅವಳು ಬರಿಹೊಟ್ಟೆಯಲ್ಲಿ ಮಲಗುತ್ತಿದ್ದಳು. ಒಲೆ ಉರಿಯದಿರುವುದು ಯಾರಿಗೂ ಕಾಣಬಾರದೆಂದು ಊಟದ ಹೊತ್ತಿಗೆ ಕದ ಹಾಕಿಕೊಳ್ಳುತ್ತಿದ್ದಳು. ಪಾತ್ರೆಗೆ ಹಾಕಲು ಮನೆಯಲ್ಲಿ ಒಂದು ಚೂರು ಬೆಲ್ಲವೂ ಇರಲಿಲ್ಲ. ಗಾಣಿಗನ ಹೆಂಡತಿ ಅಲ್ಲೇ ನಿಂತು ಇದನ್ನೆಲ್ಲ ಕೇಳಿದಳು.

ಶಿಷ್ಯನ ಕಣ್ಣು ತುಂಬಿತ್ತು. "ಕೊನೆಗಾದರೂ ಅವಳಿಗೆ ನಿಜ ತಿಳಿಯಿತಲ್ಲ, ಗುರುಗಳೇ" ಎಂದ.

ಗುರು ಹೇಳಿದರು: "'ಸಾಯುತ್ತಿದ್ದರೂ ನನ್ನ ಹತ್ತಿರ ಒಂದು ಹಿಡಿ ಅಕ್ಕಿ ಕೇಳಲಿಲ್ಲ, ಎಂಥ ಸೊಕ್ಕು' ಎಂದಳು."